ಮುಂಬ್ರಾದ ಖಾಡಿ ಸಾಕು

ಜುಲೈ 14, ಸೋಮವಾರ.

ಪಿಎಚ್‌ಡಿಗೆ ಸೀಟು ಸಿಕ್ಕಿದ ಖುಷಿ ಊಟದ ಹೊತ್ತಿಗೇ ಮುಗಿಯಿತು. ಸಮುದ್ರ ಒಳಚಾಚಿದ ಉಪ್ಪುನೀರಿನ ಖಾಡಿಯ ದಂಡೆಯಲ್ಲಿದ್ದ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡು ಯಾರ ಲಾಭಕ್ಕೆ ಹೋಯಿತು, ಅದು ಮತ್ತೆ ಬೆಳೆಯದಂತೆ ಯಾರು ತಡೆಯುತ್ತಿದ್ದಾರೆ ಎಂಬುದು ನನ್ನ ವಿಷಯ. ಯಾವ ಖಾಡಿ ಎಂದು ಗೈಡ್‌ಗೆ ತಿಳಿಸಬೇಕಿತ್ತು. ಘಣಸೋಲಿಯದೇ, ನಮ್ಮ ಬಿಲ್ಡಿಂಗಿನ ಹಿಂದಿನದು ಎಂದು ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ.

ನನ್ನ ಗಂಡ ಸಂದೇಶ ಅನ್ನ ಕಲಸುವುದನ್ನು ನಿಲ್ಲಿಸಿದ. "ಬೇರೆ ಖಾಡಿ ಇಲ್ವಾ ಮಾರಾಯ್ತಿ? ಮುಂಬ್ರಾದ್ದು ತಗೋ."

"ಗಂಡನನ್ನು ಜೈಲಿಗೆ ಹಾಕ್ಲಿಕ್ಕೆ ಕಾಲೇಜಿಗೆ ಹೋಗುದಾ ನೀನು?" ಎಂದರು ಅತ್ತೆ, ಮಗುವಿನ ಬಾಯಿ ಒರೆಸುತ್ತಾ.

ಅತ್ತೆ ಹೇಳಿದ್ದು ಸುಳ್ಳಲ್ಲ. ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯಾಗಿ ಅಲ್ಲಿ ಕಾಂಡ್ಲಾದ ಮೇಲೆ ಮಣ್ಣು ತುಂಬಿಸಿ ಮಕ್ಕಳ ಗಾರ್ಡನ್ ಮಾಡಿಸಿದ್ದು ಸಂದೇಶನೇ. ಕಾಂಡ್ಲಾ ನಾಶ ಮಾಡುವುದು ಅಪರಾಧ; ಬರೆದರೆ ಅವನ ಮೇಲೆ ಕೇಸು ಬೀಳುತ್ತದೆ. ತಡೆಯುವ ಕಾಂಡ್ಲಾ ಇಲ್ಲದೆ ಈ ಮಳೆಗಾಲ ಉಬ್ಬರದ ನೀರು ಆ ಗಾರ್ಡನ್ ದಾಟಿ ನೆಲಮಹಡಿಯ ಪಂಕಜಾ ಅವರ ಅಡುಗೆಮನೆಗೆ ನುಗ್ಗಿತು. ಆದರೂ ಸಂಜೆಯಾದರೆ ನನ್ನ ಮಗಳು ಅಲ್ಲಿಯ ಉಯ್ಯಾಲೆಯಲ್ಲಿ ಮಾತ್ರ ಅಳು ನಿಲ್ಲಿಸುತ್ತಾಳೆ.

ಈಗಷ್ಟೇ ಗೈಡ್‌ಗೆ ಮುಂಬ್ರಾ ಎಂದು ಮೆಸೇಜ್ ಹಾಕಿದೆ. ಅಲ್ಲಿಯೂ ಯಾರದೋ ಗಂಡ ಮಣ್ಣು ತುಂಬಿಸಿರುತ್ತಾನೆ. ಅವರ ಮನೆ ಬಾಗಿಲಿಗೆ ಹೋಗಿ, ಅವನ ಹೆಂಡತಿಯ ಹತ್ತಿರ ನಾನು ಏನೆಂದು—

ಮಗಳು ಎದ್ದಳು.