ತೇಲಿ ಬಂದ ದಿಂಬು

ಸಲಾಮಿಸ್ ಎಂಬ ಕಡಲತೀರದ ಊರು, ಬೇಸಿಗೆಯ ಕೊನೆಯ ಅಮಾವಾಸ್ಯೆ.

ಹಡಗು ಮುಳುಗಿತೆಂದು ಮೊದಲು ಹೇಳಿದವನು ಲೈಕೋನ್, ನಿನ್ನೆ ಸಂಜೆ. ಇಬ್ಬರು ದೊರೆಗಳ ಕಡಲ ಕಾಳಗದಲ್ಲಿ ನನ್ನ ಗಂಡ ಥೆರೋನ್‌ನ ಪಕ್ಕದಲ್ಲೇ ಕೂತು ಹುಟ್ಟು ಹಾಕಿದವನು. ಹುಟ್ಟು ಹಾಕುವಾಗ ಥೆರೋನ್ ಕೂರುತ್ತಿದ್ದ ಕುರಿದೊಗಲಿನ ದಿಂಬನ್ನು ತಂದಿದ್ದ.

"ಅವನು ಮುಳುಗಿದ್ದನ್ನ ಕಣ್ಣಾರೆ ನೋಡಿದ್ಯೇನೋ?" ಅಂದರು ಅತ್ತೆ.

"ಇಲ್ಲಮ್ಮ. ಇದೊಂದೇ ತೇಲ್ತಿತ್ತು."

"ಹಾಗಾದ್ರೆ ಗೆದ್ದ ದೊರೆ ಹಿಡ್ಕೊಂಡು ಹೋಗಿರ್ತಾನೆ. ಅವನ ಹಡಗಿಗೂ ಹುಟ್ಟು ಹಾಕೋರು ಬೇಕಲ್ಲ?"

ಲೈಕೋನ್ ದಿಂಬನ್ನು ಅತ್ತೆಯ ಕೈಗಿಟ್ಟು ಹೊರಟ.

ಹೆಣ ಸಿಗದವರಿಗೆ ನಮ್ಮಲ್ಲಿ ಖಾಲಿ ಗೋರಿ ಕಟ್ಟಿ ಅವರ ಹೆಸರು ಕೂಗಬೇಕು. ಕೂಗಿದರೆ ಸತ್ತನೆಂದು ಒಪ್ಪಿದಂತೆ.

ಇಂದು ಬೆಳಿಗ್ಗೆ ಊರ ಹೆಂಗಸರೆಲ್ಲ ದಡದಲ್ಲಿ ನಿಂತು ತಮ್ಮವರ ಹೆಸರು ಕೂಗಿದರು. ನಾನೂ ಬಾಯಿ ತೆರೆದೆ. ಅತ್ತೆ ಅಲ್ಲೇ ದಡದ ಗೋಡೆಯ ಮೇಲೆ ದಿಂಬು ಒಣಹಾಕುತ್ತ, "ಬಂದ್ಮೇಲೆ ಒದ್ದೆ ದಿಂಬಿನ ಮೇಲೆ ಹೇಗೆ ಕೂತ್ಕೋತಾನೆ ಕಣೇ?" ಅಂದರು.

ಥೆರೋನ್‌ನ ಹೆಸರು ಗಂಟಲಲ್ಲೇ ಉಳಿಯಿತು. ಈಗಲೂ ಅಲ್ಲೇ ಇದೆ.