ಫೋಟೊದ ಅಂಚಿನಲ್ಲಿ ನೀನು

ಮದುವೆಯ ಫೋಟೊಗಳು ಬಂದವು ಕಣೇ, ಇವರ ಪಕ್ಕ ನಾನು ಥೇಟ್ ಸಿನಿಮಾ ಹೀರೋಯಿನ್! ನನ್ನ ಕಾಗದಗಳನ್ನು ನೀನು ಒಡೆಯದೆಯೇ ವಾಪಸ್ ಕಳಿಸುತ್ತೀಯ, ಅದಕ್ಕೆ ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ಬರೆಯದೆ ಇರಲಾರೆ.

ಫೋಟೊಗ್ರಾಫರ್ ಅವನ್ನು ಮನೆಗೆ ತಂದಾಗ ನಮ್ಮತ್ತೆ ದೂರದೇಶದ ಕಪ್ಪು ಜನರ ಹೋರಾಟಕ್ಕೆ ಬೆಂಬಲದ ಸಭೆ ಮುಗಿಸಿ ಆಗಷ್ಟೇ ಬಂದಿದ್ದರು. ಎದೆಯ ಬ್ಯಾಡ್ಜಿನ ಮೇಲೆ, ಕಾಲೇಜಿನ ಮೆರವಣಿಗೆಯಲ್ಲಿ ನೀನೂ ನಾನೂ ಗಂಟಲು ಹರಿಯುವಂತೆ ಕೂಗಿದ್ದ ಅದೇ ಮಾತು: ಅವರ ಬಿಡುಗಡೆಯೇ ನಮ್ಮ ಬಿಡುಗಡೆ.

"ಯಾರಮ್ಮಾ ಈ ಇದ್ದಿಲು? ಫೋಟೊನೇ ಕೆಡಿಸಿಬಿಟ್ಟಿದ್ದಾಳೆ. ತೆಗೆದುಹಾಕಪ್ಪ," ಎಂದರು, ನಿನ್ನ ಮೇಲೆ ಬೆರಳಿಟ್ಟು.

"ಅಂಚಲ್ಲೇ ಇದ್ದಾರಲ್ಲಮ್ಮ, ಕತ್ತರಿಸೋದು ಸುಲಭ," ಎಂದ ಫೋಟೊಗ್ರಾಫರ್.

ಥೂ, ಎಂಥ ಹೇಸಿಗೆಯ ಹೆಂಗಸು ಎಂದುಕೊಂಡೆ. ಅಷ್ಟರಲ್ಲಿ ನೆನಪಾಯಿತು, ಮದುವೆಯ ದಿನ ನಿನ್ನನ್ನು ಅಂಚಿಗೆ ನಿಲ್ಲಿಸಿದವಳು ನಾನೇ.

ಫೋಟೊ ಕಿತ್ತುಕೊಂಡು ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ. ಗುರುವಾರ ಬೆಳಗಿನ ಎಂಟು ಗಂಟೆಯ ಪ್ಯಾಸೆಂಜರ್ ರೈಲಿಗೆ ನಿನ್ನೂರಿಗೆ ಬಂದಿಳಿದು, ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ.