ಬಟ್ಟೆ ತೊಟ್ಟೇ ಇಳಿಯುವ ಪಾಠ

ಬುಧವಾರ, ಮಧ್ಯಾಹ್ನ

ಈಜುಕೊಳದ ಸಂಘದ ಅಧ್ಯಕ್ಷನೂ ನನ್ನ ಬೆನ್ನ ಹಿಂದೆಯೇ ಹುಟ್ಟಿದ ತಮ್ಮನೂ ಆದ ನಿನಗೆ ಅಕ್ಕನ ಆಶೀರ್ವಾದ. ಆಶೀರ್ವಾದದಲ್ಲಿ ಕೊರತೆಯಿಲ್ಲ, ಮುಂದಿನದನ್ನು ಮಾತ್ರ ಕೂತು ಓದು.

ಕಳೆದ ಭಾನುವಾರ ಬೆಳಿಗ್ಗೆ, ನೀರಿನ ಪಾಠಕ್ಕೆ ಬಂದ ಆಟಿಸಂ ಇರುವ ಮಕ್ಕಳನ್ನು ನೀನು ಗೇಟಿನಿಂದಲೇ ವಾಪಸು ಕಳಿಸಿದೆ. ಅವರು ಅಂಗಿ, ಪ್ಯಾಂಟು, ಶೂ ಹಾಕಿಕೊಂಡೇ ನೀರಿಗಿಳಿಯುತ್ತಾರೆ, ಕೊಳ ಕೊಳೆಯಾಗುತ್ತದೆ ಎಂಬುದು ನಿನ್ನ ಕಾರಣ. ‘ಇದೇನು ಬಟ್ಟೆ ಒಗೆಯೋ ಜಾಗಾನಾ?’ ಅಂತ ನೀನು ಕೇಳಿದ್ದಕ್ಕೆ ಹಿಂದೆ ನಿಂತಿದ್ದ ಸದಸ್ಯರು ನಕ್ಕರು. ನನ್ನ ಮೊಮ್ಮಗಳು ನಗಲಿಲ್ಲ. ಗೇಟಿನ ಸರಳು ಹಿಡಿದು ನೀರನ್ನೇ ನೋಡುತ್ತಿದ್ದವಳನ್ನು ಬಿಡಿಸಿ ಕರೆತರುವಷ್ಟರಲ್ಲಿ ಅವಳಮ್ಮನ ಕೈ ತುಂಬ ಪರಚಿದ ಗಾಯ.

ಪಾಠ ಏನೆಂದು ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ.

ನಮ್ಮ ಮಹಾರಾಣಿಗೆ (ಮನಸ್ಸಿಗೆ ಬಂದದ್ದನ್ನಷ್ಟೇ ಮಾಡುವವಳಿಗೆ ಮನೆಯಲ್ಲಿ ಬೇರೆ ಹೆಸರು ಹೊಂದುವುದಿಲ್ಲ) ಮಾತು ಕಡಿಮೆ, ನೀರೆಂದರೆ ಪ್ರಾಣ. ಹೋದ ವರ್ಷ ಬಾಗಿಲು ತೆರೆದಿದ್ದ ಒಂದು ಗಳಿಗೆಯಲ್ಲಿ ಹೊರಟವಳು ಪಾರ್ಕಿನ ಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಕರೆದರೆ ತಿರುಗುವವಳಲ್ಲ. ಮಾಲಿ ಇಳಿದು ಎತ್ತಿಕೊಂಡ. ಅವತ್ತು ನೀನೂ ಬಂದಿದ್ದೆ. ‘ಬಾಗ್ಲಿಗೆ ಇನ್ನೊಂದು ಚಿಲಕ ಹಾಕ್ಸಕ್ಕ’ ಎಂದು ಹೇಳಿ, ಕಾಫಿ ಕುಡಿದು ಹೋದೆ. ಚಿಲಕ ಹಾಕಿಸಿದೆವು. ಅವಳು ಅದನ್ನು ತೆಗೆಯುವುದನ್ನೂ ಕಲಿತಳು.

ಆಮೇಲೆ ಸಿಕ್ಕವಳು ಈ ಆಕ್ಯುಪೇಷನಲ್ ಥೆರಪಿಸ್ಟ್. ಹಲ್ಲುಜ್ಜುವುದು, ಗುಂಡಿ ಹಾಕುವುದು, ರಸ್ತೆ ದಾಟುವುದು, ಇಂಥ ದಿನದ ಕೆಲಸಗಳನ್ನು ಮಗುವಿನ ಮೈಗೆ ಒಗ್ಗುವ ಹಾಗೆ ಬಿಡಿಸಿ ಕಲಿಸುವವಳು. ನೀರಿಗೆ ಬಿದ್ದರೆ ಬದುಕಿ ಬರುವುದನ್ನೂ ಅದೇ ಸಾಲಿಗೆ ಸೇರಿಸಿದ್ದಾಳೆ. ಅವಳ ಪಾಠದಲ್ಲಿ ಸೀಟಿ ಇಲ್ಲ. ಆ ಸದ್ದಿಗೆ ನಮ್ಮವಳು ಕಿವಿ ಮುಚ್ಚಿ ನೆಲಕ್ಕೆ ಕೂರುತ್ತಾಳೆ. ಮೊದಲು ಒದ್ದೆ ಟವಲನ್ನು ಭುಜಕ್ಕೆ ಬಿಗಿಯಾಗಿ ಸುತ್ತಿ ಒತ್ತುತ್ತಾಳೆ, ಮೈ ನೆಮ್ಮದಿಗೆ ಬರಲಿ ಎಂದು. ಮುಂದೇನು ಎಂಬುದನ್ನು ಚಿತ್ರದ ಕಾರ್ಡುಗಳಲ್ಲಿ ತೋರಿಸುತ್ತಾಳೆ: ಮೆಟ್ಟಿಲು, ನೀರು, ಅಂಗಾತ, ಗೋಡೆ. ಕೈಕಾಲು ಬಡಿಯುವ ಈಜು ಆಮೇಲೆ. ಮೊದಲು ಅಂಗಾತ ತಿರುಗಿ ಉಸಿರಾಡುವುದು, ಗೋಡೆ ಹುಡುಕಿ ಹಿಡಿಯುವುದು.

ಮಹಾರಾಣಿ ಈಜುಡುಗೆಯಲ್ಲಿ ಅದನ್ನು ಕಲಿತಳು. ಆದರೆ ಈಜುಡುಗೆ ತೊಟ್ಟು ಯಾವ ಮಗುವೂ ಕೆರೆಗೆ ಬೀಳುವುದಿಲ್ಲ, ತಮ್ಮ. ಬಟ್ಟೆ ಮೈಗೆ ಅಂಟಿ, ಶೂ ಕಾಲನ್ನು ಜಗ್ಗಿದರೆ ಅವಳಿಗೆ ಅದು ಬೇರೆಯೇ ನೀರು. ಮೊದಲ ಸಲ ಹಾಗೆ ಇಳಿಸಿದಾಗ ಕಲಿತದ್ದೆಲ್ಲ ಮರೆತು, ಅಂಗಿಯ ತೋಳು ಕಿತ್ತುಕೊಳ್ಳುತ್ತ ಕೂಗಿದಳು. ಎರಡನೇ ಸಲಕ್ಕೆ ಒಗೆದ ಬಟ್ಟೆ, ಉಜ್ಜಿ ತೊಳೆದ ಶೂ ಹಾಕಿಸಿ ತಂದಿದ್ದೆವು. ಆಗ ನೀನು ಗೇಟು ಹಾಕಿದೆ. ಈಗ ಅವಳಿಗೆ ಆಳಕ್ಕೆ ಹೋಗುವ ಧೈರ್ಯ ಬಂದಿದೆ, ಬಟ್ಟೆಯಲ್ಲಿ ವಾಪಸು ಬರುವುದು ಗೊತ್ತಿಲ್ಲ. ಏನೂ ಕಲಿಯದವಳಿಗಿಂತ ಅರ್ಧ ಕಲಿತವಳನ್ನು ಕಾಯುವುದು ಕಷ್ಟ. ಭಾನುವಾರದಿಂದ ಅವಳಮ್ಮ ಬಾಗಿಲಿಗೆ ಒರಗಿಯೇ ಊಟ ಮಾಡುತ್ತಾಳೆ.

ನಿನಗೆ ನೆನಪು ಕಡಿಮೆ, ನನಗೆ ಹಾಳಾದ್ದು ಜಾಸ್ತಿ. ಕಲ್ಲುಕ್ವಾರಿಯ ನೀರಿನಲ್ಲಿ ಪಕ್ಕದ ಮನೆಯ ಹುಡುಗ ಹೋದ ಮೇಲಲ್ಲವೇ ಈ ಕೊಳದ ಮಾತು ಎದ್ದದ್ದು? ಅವತ್ತಿನ ಸಭೆಯಲ್ಲಿ ಶಾಲೆಯ ಬೆಂಚು ಹತ್ತಿ ನೀನು, ‘ಇನ್ನೊಂದು ಮಗು ನೀರು ಪಾಲಾಗಬಾರದು’ ಎಂದಿದ್ದೆ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಆ ವಾಕ್ಯಕ್ಕೆ ಅಡಿಟಿಪ್ಪಣಿ ಇರಲಿಲ್ಲ. ಕರೆದರೆ ತಿರುಗುವ ಮಕ್ಕಳಿಗೆ ಮಾತ್ರ ಎಂದು ನೀನು ಹೇಳಿರಲಿಲ್ಲ.

ಮೊನ್ನೆ ಫೋನಿನಲ್ಲಿ, ‘ಮನೆ ವಿಷಯ ಬೀದಿಗೆ ತರಬೇಡಕ್ಕ, ನಿನ್ ಮೊಮ್ಮಗಳನ್ನ ಬೇಕಾದ್ರೆ ಯಾರೂ ಇಲ್ದಿರೋವಾಗ ಬಿಡ್ತೀನಿ’ ಎಂದೆ. ನನ್ನ ಬಾಯಿಗೆ ಸಕ್ಕರೆ, ಉಳಿದ ಮಕ್ಕಳ ಬಾಯಿಗೆ ಮಣ್ಣು. ಬೇಡ. ಗೇಟಿನ ಮುಂದೆ ಎಲ್ಲರೆದುರು ಆದ ಅನ್ಯಾಯವನ್ನು ಅಡುಗೆಮನೆಯಲ್ಲಿ ಗುಟ್ಟಾಗಿ ಸರಿಮಾಡಲು ಬರುವುದಿಲ್ಲ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಅಕ್ಕ

ತಾ.ಕ.: ಇವತ್ತು ಬೆಳಿಗ್ಗೆ ನಾವು ಕೊಳಕ್ಕೆ ಇಳಿದೆವು. ಮಕ್ಕಳು, ತಾಯಂದಿರು, ಥೆರಪಿಸ್ಟ್, ಸೀಟಿಯನ್ನು ಜೇಬಿಗೆ ಸೇರಿಸಿದ ಲೈಫ್‌ಗಾರ್ಡ್, ಉಟ್ಟ ಬಟ್ಟೆಯಲ್ಲೇ ನಾನೂ. ಕಾವಲುಗಾರನನ್ನು ಬೈಯಬೇಡ, ಬೀಗದ ಕೈ ತಂದು ಗೇಟು ತೆಗೆದವಳು ನಿನ್ನ ಹೆಂಡತಿ. ‘ಅವರಿಗೆ ಹೇಳೋದಾದ್ರೆ ಹೇಳಿ ಅತ್ತಿಗೆ, ನಾನೇನು ಕದ್ದಿಲ್ಲ’ ಎಂದಿದ್ದಾಳೆ. ಮಹಾರಾಣಿ ಕೂಗಿದಳು, ಪರಚಿದಳು, ಕೊನೆಗೆ ಗೋಡೆ ಹಿಡಿದಳು. ಬಟ್ಟೆಯಲ್ಲಿ ಅಂಗಾತ ತಿರುಗುವುದು ಇನ್ನೂ ಬಂದಿಲ್ಲ. ಅದಕ್ಕೇ ಭಾನುವಾರವೂ ಬರುತ್ತೇವೆ. ಬೀಗ ಬದಲಿಸುವುದಿದ್ದರೆ ಮೊದಲು ಸಂಘದ ಸಭೆ ಕರೆ. ಈ ತಾಯಂದಿರ ಎದುರು ನಿಂತು, ಯಾರ ಮಗು ಮುಳುಗಿದರೆ ಪರವಾಗಿಲ್ಲ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಬದಲಿಸು.